ಕಂಬಗಲ್ಲುಗಳ ಮುಂದೆ ಫಲಕ ನಿಲ್ಲಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬಸಾಲ್ಟ್ ಎಂಬ ಕರಿಯ ಲಾವಾ ಶಿಲೆಯ ಕಂಬಗಳಿರುವ ತಾಣಗಳನ್ನು ನೋಡಿಕೊಳ್ಳುವ ಹೊಣೆ ನಿಮ್ಮದು. ಅಲ್ಲಿಗೆ ದಾರಿ ಮಾಡಿಸುವವರು, ಬೇಲಿ ಹಾಕಿಸುವವರು, ಮಾಹಿತಿ ಫಲಕ ಬರೆಸಿ ನಿಲ್ಲಿಸುವವರು ನೀವು. ಈ ಪತ್ರ ಆ ಫಲಕದ ಬಗ್ಗೆ. ಕಲ್ಲು ನೋಡುವ ಆಸೆಯಿಂದ ತಿರುಗಾಡುವ ನಾನು ಇಂಥ ಜಾಗ ತಲುಪಿದ ಕೂಡಲೇ ಮೊದಲು ಓದುವುದು ಅದನ್ನು. ಬಹಳ ಕಡೆ ಅದರ ಮೇಲಿರುವುದು ಹೆಚ್ಚುಕಡಿಮೆ ಒಂದೇ ವಾಕ್ಯ: ಲಕ್ಷಾಂತರ ವರ್ಷಗಳ ಹಿಂದೆ ಜ್ವಾಲಾಮುಖಿಯಿಂದ ಹೊರಬಂದ ಲಾವಾ ತಣ್ಣಗಾಗಿ ಈ ಷಟ್ಕೋನಾಕಾರದ ಕಂಬಗಳು ನಿರ್ಮಾಣವಾದವು.

ಒಮ್ಮೆ ಅಂಥ ಫಲಕದ ಮುಂದೆ ಎಂಟು ಒಂಬತ್ತು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ ಮುಗಿಸಿ, ‘ತಣ್ಣಗಾದರೆ ಕಂಬ ಯಾಕೆ ಆಗುತ್ತದೆ?’ ಎಂದು ಕೇಳಿದಳು. ಜೊತೆಗಿದ್ದ ದೊಡ್ಡವರು ಫಲಕವನ್ನು ಇನ್ನೊಮ್ಮೆ ಓದಿದರು. ಅದರಲ್ಲಿ ಉತ್ತರವಿರಲಿಲ್ಲ. ‘ಎಲ್ಲ ಪ್ರಕೃತಿಯ ವಿಸ್ಮಯ’ ಎಂದು ಹೇಳಿ ಅವಳ ಕೈ ಹಿಡಿದು ಮುಂದೆ ನಡೆದರು. ಅವಳು ಕೇಳಿದ್ದು ಭೂವಿಜ್ಞಾನಿಗಳು ಇನ್ನೂರೈವತ್ತು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ. ಅದರ ಉತ್ತರದ ಬಹುಭಾಗ ಇಂದು ನಮ್ಮ ಬಳಿ ಇದೆ. ಅದಕ್ಕಿಂತ ಹೆಚ್ಚಾಗಿ, ಆ ಉತ್ತರ ಅವಳ ಕೈಗೆಟಕುವ ಎತ್ತರದಲ್ಲಿ, ಕಂಬದ ಮೈಮೇಲೆಯೇ ಬರೆದಿತ್ತು. ಓದುವುದು ಹೇಗೆಂದು ಹೇಳುವವರು ಇರಲಿಲ್ಲ, ಅಷ್ಟೇ.

ಮೊದಲು ‘ನಿರ್ಮಾಣವಾದವು’ ಎಂಬ ಪದವನ್ನು ತೆಗೆದುಹಾಕಿ ಎಂದು ಕೇಳಿಕೊಳ್ಳುತ್ತೇನೆ. ಅದನ್ನು ಓದಿದವರು ಕಂಬವೊಂದು ನೆಲದಿಂದ ಮೇಲಕ್ಕೆ ಬೆಳೆದು ನಿಂತಿತೆಂದೋ, ಒಂದರ ಪಕ್ಕ ಒಂದನ್ನು ಜೋಡಿಸಿದಂತೆ ಬಂದಿತೆಂದೋ ಕಲ್ಪಿಸಿಕೊಳ್ಳುತ್ತಾರೆ. ಅಲ್ಲಿ ಯಾವ ಕಂಬವೂ ಬೆಳೆಯಲಿಲ್ಲ. ಇದ್ದದ್ದು ಲಾವಾದ ಒಂದೇ ಹಾಸು. ಬೆಳೆದದ್ದು ಬಿರುಕು. ಬಿರುಕುಗಳ ನಡುವೆ ಉಳಿದದ್ದಕ್ಕೆ ನಾವು ಕಂಬ ಎನ್ನುತ್ತೇವೆ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಮಿಕ್ಕದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬಸಾಲ್ಟ್ ಲಾವಾ ಹೊರಗೆ ಹರಿಯುವಾಗ ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ತಗ್ಗು ಕಂಡಲ್ಲಿ ತುಂಬಿ ನಿಲ್ಲುತ್ತದೆ. ಮೇಲೆ ಗಾಳಿಗೆ, ಕೆಳಗೆ ನೆಲಕ್ಕೆ ತಾಗಿದ ಭಾಗ ಮೊದಲು ಗಟ್ಟಿಯಾಗಿ ತೊಗಟೆ ಕಟ್ಟುತ್ತದೆ. ಒಡಲು ಕುದಿಯುತ್ತಲೇ ಇರುತ್ತದೆ. ಕಲ್ಲು ಶಾಖವನ್ನು ಬೇಗ ಬಿಟ್ಟುಕೊಡುವ ವಸ್ತುವಲ್ಲ. ಹವಾಯಿಯ ಕಿಲವೇಯ ಇಕಿ ಕುಳಿಯಲ್ಲಿ 1959ರಲ್ಲಿ ನೂರು ಮೀಟರಿಗೂ ಹೆಚ್ಚು ಆಳದ ಲಾವಾ ಕೆರೆ ನಿಂತಿತು. ವಿಜ್ಞಾನಿಗಳು ಅದರ ತೊಗಟೆಯಲ್ಲಿ ಮತ್ತೆ ಮತ್ತೆ ರಂಧ್ರ ಕೊರೆದು ಒಳಗಿನ ಬಿಸಿ ಅಳೆದರು. ಅದು ಪೂರ್ತಿ ಗಟ್ಟಿಯಾಗಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಗಟ್ಟಿಯಾದ ಮೇಲೂ ಕಲ್ಲು ಬಿಸಿಯಾಗಿಯೇ ಇರುತ್ತದೆ, ಅಲ್ಲಿಂದ ಮುಂದೆ ತಣಿಯುತ್ತ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಗೊತ್ತೇ? ಒಂದು ಮೀಟರ್ ಉದ್ದದ ಕಲ್ಲು ನೂರು ಡಿಗ್ರಿ ತಣಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಇಷ್ಟೇ ಎನ್ನಬೇಡಿ. ಮೇಲೆ-ಕೆಳಗಿನ ದಿಕ್ಕಿನಲ್ಲಿ ಕುಗ್ಗಲು ತೊಂದರೆಯಿಲ್ಲ, ಹಾಸು ಒಂದಿಷ್ಟು ತಗ್ಗಿದರಾಯಿತು. ಅಡ್ಡ ದಿಕ್ಕಿನಲ್ಲಿ ಕುಗ್ಗಲು ದಾರಿಯೇ ಇಲ್ಲ. ಪ್ರತಿ ಭಾಗವನ್ನೂ ಅದರ ಪಕ್ಕದ ಭಾಗ ಹಿಡಿದುಕೊಂಡಿದೆ, ಪಕ್ಕದ್ದನ್ನು ಅದರ ಪಕ್ಕದ್ದು. ಎಲ್ಲವೂ ಕುಗ್ಗಬೇಕು, ಯಾವುದೂ ಜರುಗುವಂತಿಲ್ಲ. ಎಳೆತ ಏರುತ್ತ ಹೋಗಿ ಒಂದು ಹಂತದಲ್ಲಿ ಕಲ್ಲು ಸೀಳುತ್ತದೆ.

ಆ ಹಂತ ಯಾವುದು ಎಂಬುದನ್ನು 2018ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗದಿಂದ ತೋರಿಸಿಕೊಟ್ಟರು. ಐಸ್‌ಲ್ಯಾಂಡಿನ ಬಸಾಲ್ಟ್ ಕಂಬದಿಂದ ತೆಗೆದ ತುಂಡುಗಳನ್ನು ಅವರು ಎರಡೂ ತುದಿಯಲ್ಲಿ ಬಿಗಿಯಾಗಿ ಹಿಡಿದು, ಕೆಂಪಗೆ ಕಾಯಿಸಿ, ನಿಧಾನವಾಗಿ ತಣಿಸಿದರು. ಕುಗ್ಗಲು ಬಿಡದೆ ಹಿಡಿದ ಆ ಕಲ್ಲು 840ರಿಂದ 890 ಡಿಗ್ರಿಯ ನಡುವೆ ಫಟ್ಟನೆ ತುಂಡಾಯಿತು. ಆ ಬಸಾಲ್ಟ್ ಗಟ್ಟಿಯಾಗುವುದು ಸುಮಾರು 980 ಡಿಗ್ರಿಯಲ್ಲಿ. ಅಂದರೆ ಗಟ್ಟಿಯಾಗಿ ನೂರು ಡಿಗ್ರಿಯಷ್ಟು ತಣಿದಿತ್ತೋ ಇಲ್ಲವೋ, ಕಲ್ಲು ಇನ್ನೂ ಕೆಂಡದಂತೆ ಹೊಳೆಯುತ್ತಿರುವಾಗಲೇ ಕಂಬಗಳು ಒಂದರಿಂದ ಒಂದು ಬೇರೆಯಾಗಿದ್ದವು. ‘ತಣ್ಣಗಾಗಿ’ ಎಂಬ ನಿಮ್ಮ ಫಲಕದ ಪದ ಕೇಳುವವರ ಮನಸ್ಸಿನಲ್ಲಿ ಕರಿಯ, ತಣ್ಣನೆಯ ಬಂಡೆಯ ಚಿತ್ರ ಮೂಡಿಸುತ್ತದೆ. ನಿಜವಾದ ಚಿತ್ರ ಅದಕ್ಕಿಂತ ಎಷ್ಟೋ ರೋಚಕ. ಅದನ್ನು ಬರೆಯಿರಿ.

ಇನ್ನು ಆ ಹುಡುಗಿಯ ಕೈಗೆಟಕುತ್ತಿದ್ದ ಬರಹದ ವಿಷಯಕ್ಕೆ ಬರುತ್ತೇನೆ. ನನಗೆ ಇಡೀ ವಿಷಯದಲ್ಲಿ ಅತಿ ಪ್ರಿಯವಾದ ಭಾಗ ಇದು.

ಬಿರುಕು ಒಂದೇ ಏಟಿಗೆ ತುದಿಯಿಂದ ತುದಿಗೆ ಸೀಳಿಕೊಂಡು ಹೋಗುವುದಿಲ್ಲ. ಸೀಳುವಷ್ಟು ತಣಿದ ಪದರ ಮುಗಿದ ಕೂಡಲೇ ಅದರಾಚೆ ಇನ್ನೂ ಮೆತ್ತಗಿರುವ, ಎಳೆದರೆ ಸೀಳದೆ ಹಿಗ್ಗುವ ಕಲ್ಲು ಇರುತ್ತದೆ. ಬಿರುಕು ಅಲ್ಲಿಗೆ ನಿಲ್ಲುತ್ತದೆ. ಶಾಖ ಇನ್ನಷ್ಟು ಹೊರಗೆ ಹೋಗುತ್ತದೆ, ಸೀಳಬಲ್ಲ ಪದರ ಇನ್ನಷ್ಟು ಒಳಗೆ ಸರಿಯುತ್ತದೆ, ಎಳೆತ ಮತ್ತೆ ಕೂಡುತ್ತದೆ, ಬಿರುಕು ಇನ್ನೊಂದು ಹೆಜ್ಜೆ ಜಿಗಿಯುತ್ತದೆ. ಹೀಗೆ ಕೆಲವೇ ಸೆಂಟಿಮೀಟರಿನ ಹೆಜ್ಜೆಗಳು, ನಿಲುಗಡೆಗಳು, ಮತ್ತೆ ಹೆಜ್ಜೆಗಳು. ಪ್ರತಿ ಹೆಜ್ಜೆಯೂ ಕಂಬದ ಮುಖದ ಮೇಲೆ ಒಂದು ಅಡ್ಡಪಟ್ಟಿಯನ್ನು ಬಿಟ್ಟುಹೋಗುತ್ತದೆ. ಪಟ್ಟಿಯ ಒಂದಂಚು ನುಣುಪು, ಇನ್ನೊಂದಂಚು ತರಿ ತರಿ. ಉಳಿಯಿಂದ ಕೆತ್ತಿದ ಗುರುತಿನಂತೆ ಕಾಣುವುದರಿಂದ ಇವನ್ನು ಉಳಿಗುರುತು ಎನ್ನುವುದುಂಟು. ಮಳೆಗಾಳಿ ಹೆಚ್ಚು ತಾಗದ ಮುಖ ಸಿಕ್ಕರೆ ಬೆರಳನ್ನು ಕಂಬದ ಉದ್ದಕ್ಕೂ ಮೆಲ್ಲಗೆ ಎಳೆದು ನೋಡಿ. ನುಣುಪು, ತರಿ, ನುಣುಪು, ತರಿ ಎಂದು ಬೆರಳಿಗೆ ತಿಳಿಯುತ್ತದೆ. ಬೆಳಕು ಓರೆಯಾಗಿ ಬೀಳುವ ಬೆಳಿಗ್ಗೆಯೋ ಸಂಜೆಯೋ ಆದರೆ ಕಣ್ಣಿಗೂ ಕಾಣುತ್ತದೆ. ಬಿರುಕು ಮೇಲಿನಿಂದ ಕೆಳಗಿಳಿಯಿತೋ, ನೆಲದ ಕಡೆಯಿಂದ ಮೇಲೆ ಬಂದಿತೋ ಎಂಬುದನ್ನು ಕೂಡ ಭೂವಿಜ್ಞಾನಿಗಳು ಈ ಪಟ್ಟಿಗಳಿಂದಲೇ ಓದುತ್ತಾರೆ. ಕಲ್ಲೊಂದು ತಾನು ಒಡೆದ ದಿನಚರಿಯನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿರುವಾಗ ಅದರ ಪಕ್ಕದ ಫಲಕದಲ್ಲಿ ಅದರ ಬಗ್ಗೆ ಒಂದು ಅಕ್ಷರವೂ ಇಲ್ಲದಿರುವುದು ನನಗೆ ಸಹಿಸಲು ಆಗುತ್ತಿಲ್ಲ.

ಮೂಲೆಗಳ ಕಥೆಯೂ ಈ ಹೆಜ್ಜೆಗಳಲ್ಲಿಯೇ ಇದೆ. ಮೇಲ್ಮೈಯಲ್ಲಿ ಹುಟ್ಟುವ ಮೊದಲ ಬಿರುಕುಗಳಿಗೆ ಕ್ರಮವೆಂಬುದಿಲ್ಲ. ಬತ್ತಿದ ಕೆಸರಿನಲ್ಲಿ ಕಾಣುವಂತೆ ಒಂದು ಮೊದಲು ಹರಿಯುತ್ತದೆ, ಆಮೇಲೆ ಬಂದದ್ದು ಅದಕ್ಕೆ ನೇರವಾಗಿ ಬಂದು ತಗಲುತ್ತದೆ. ಮೂಲೆಗಳು ಹೆಚ್ಚಾಗಿ ಲಂಬಕೋನ. ಆದರೆ ಕೆಸರಿನ ಬಿರುಕು ಅಲ್ಲಿಗೇ ಮುಗಿಯುತ್ತದೆ, ಲಾವಾದ ಬಿರುಕು ಒಳಗೆ ನಡೆಯುತ್ತಲೇ ಇರುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ಮೂಲೆ ಒಂದಿಷ್ಟು ಸರಿದುಕೊಳ್ಳಲು ಅವಕಾಶವಿದೆ. ಒಮ್ಮೆ ಈ ಬಿರುಕು ಮುಂದಾದರೆ ಮುಂದಿನ ಸಲ ಪಕ್ಕದ್ದು. ಹೀಗೆ ಸರಿಯುತ್ತ ಸರಿಯುತ್ತ ಮೂರು ಬಿರುಕುಗಳು ಕೂಡುವಲ್ಲಿ ಕೋನಗಳು 120 ಡಿಗ್ರಿಯ ಕಡೆಗೆ ವಾಲುತ್ತವೆ. ಅತಿ ಕಡಿಮೆ ಬಿರುಕಿನಿಂದ ಅತಿ ಹೆಚ್ಚು ಎಳೆತ ಇಳಿಯುವ ಏರ್ಪಾಡು ಅದು. 120 ಡಿಗ್ರಿಯ ಮೂಲೆಗಳು ಸಮವಾಗಿ ಸುತ್ತುವರಿದರೆ ಆಗುವುದು ಷಟ್ಕೋನ.

ವಾಲುತ್ತವೆ ಎಂದೆ, ತಲುಪುತ್ತವೆ ಎನ್ನಲಿಲ್ಲ. ಐರ್ಲೆಂಡಿನ ಉತ್ತರ ತೀರದ ಜೈಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಕಂಬಗಳಿವೆ. ಅವುಗಳಲ್ಲಿ ಆರು ಮುಖದವು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಐದು ಮುಖದವು, ಏಳು ಮುಖದವು ಧಾರಾಳ. ನಾಲ್ಕು, ಎಂಟು ಮುಖದವೂ ಅಲ್ಲಲ್ಲಿ ಸಿಗುತ್ತವೆ. ಫಲಕದಲ್ಲಿ ಷಟ್ಕೋನ ಎಂದು ಓದಿದ ಮಗು ಎಣಿಸಲು ಕುಳಿತು ಐದಕ್ಕೆ ನಿಂತಾಗ ತಾನೇ ತಪ್ಪಿದೆ ಎಂದುಕೊಳ್ಳುತ್ತದೆ. ದಯವಿಟ್ಟು ಹಾಗಾಗಲು ಬಿಡಬೇಡಿ. ‘ಎಣಿಸಿ ನೋಡಿ, ಆರೇ ಇರಬೇಕೆಂದಿಲ್ಲ’ ಎಂದು ಬರೆಯಿರಿ. ನೋಡುವವರು ಅರ್ಧ ಗಂಟೆ ಅಲ್ಲೇ ಕುಳಿತುಬಿಡುತ್ತಾರೆ.

ಇದನ್ನೆಲ್ಲ ನಂಬದವರಿಗೆ ಒಂದು ಪ್ರಯೋಗವಿದೆ. ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕಲಸಿ ಗಾಜಿನ ಬಟ್ಟಲಿಗೆ ಹಾಕಿ, ಬಿಸಿ ದೀಪದ ಕೆಳಗೆ ದಿನಗಟ್ಟಲೆ ಒಣಗಲು ಬಿಡುವುದು. ನಾನು ಮೊದಲ ಸಲ ಮಾಡಿದಾಗ ಮೇಲೆ ನಾಲ್ಕಾರು ದೊಡ್ಡ ಬಿರುಕುಗಳಲ್ಲದೆ ಏನೂ ಕಾಣಲಿಲ್ಲ. ನಿರಾಸೆಯಿಂದ ಬಟ್ಟಲನ್ನು ಮಗುಚಿ ಗಡ್ಡೆಯನ್ನು ಎರಡು ಹೋಳು ಮಾಡಿದೆ. ಒಳಗೆ, ಬೆಂಕಿಕಡ್ಡಿಯಷ್ಟು ತೆಳ್ಳಗಿನ ಬಿಳಿಯ ಕಂಬಗಳು, ನೂರಾರು, ಒತ್ತೊತ್ತಾಗಿ ನಿಂತಿದ್ದವು. ಕೈ ನಡುಗಿತು. ಇಲ್ಲಿ ಕುಗ್ಗಿಸುವುದು ಶಾಖ ಹೋಗುವುದರ ಬದಲು ನೀರು ಆರುವುದು, ಬಿರುಕಿನ ನಡೆ ಮಾತ್ರ ಅದೇ. ಟೊರೊಂಟೊ ವಿಶ್ವವಿದ್ಯಾಲಯದ ಲೂಕಸ್ ಗೋರಿಂಗ್ ಮತ್ತು ಸ್ಟೀಫನ್ ಮಾರಿಸ್ ಈ ಪಿಷ್ಟದ ಕಂಬಗಳನ್ನು ಕೂಲಂಕಷವಾಗಿ ಅಳೆದು, ಬಿರುಕು ನಿಧಾನವಾಗಿ ಮುನ್ನಡೆದಷ್ಟೂ ಕಂಬ ದಪ್ಪ, ಬೇಗ ಮುನ್ನಡೆದಷ್ಟೂ ತೆಳು ಎಂಬ ನಿಯಮ ಕಲ್ಲಿಗೂ ಪಿಷ್ಟಕ್ಕೂ ಹೊಂದುವುದನ್ನು ತೋರಿಸಿದರು. ನಿಮ್ಮ ಮಾಹಿತಿ ಕೇಂದ್ರದ ಗಾಜಿನ ಪೆಟ್ಟಿಗೆಯಲ್ಲಿ ಅಂಥದೊಂದು ಒಡೆದ ಗಡ್ಡೆ ಇಡಲು ಹೆಚ್ಚು ಖರ್ಚಾಗುವುದಿಲ್ಲ.

ಆ ನಿಯಮ ಗೊತ್ತಿದ್ದರೆ ಬಂಡೆಯ ಮುಖವನ್ನೇ ಓದಬಹುದು. ಒಂದೇ ಲಾವಾ ಹಾಸಿನಲ್ಲಿ ಕೆಳಗೆ ದಪ್ಪ, ನೇರ ಕಂಬಗಳ ಸಾಲು, ಅದರ ಮೇಲೆ ಸಣ್ಣ, ಸೊಟ್ಟ, ಕೂದಲು ಕೆದರಿದಂಥ ಕಂಬಗಳ ಗೊಂದಲ ಕಾಣುವುದುಂಟು. ಕೆಳಗಿನದು ನೆಲದ ಮರೆಯಲ್ಲಿ ನಿಧಾನವಾಗಿ ತಣಿದದ್ದು. ಮೇಲಿನದು ಮಳೆಯ ಅಥವಾ ಉಕ್ಕಿದ ಹೊಳೆಯ ನೀರು ಬಿರುಕಿನೊಳಗೆ ಇಳಿದು ಬೇಗ ತಣಿಸಿದ್ದು ಎಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ದಿಕ್ಕು ಕೂಡ ಹಾಗೆಯೇ. ಕಂಬ ಯಾವಾಗಲೂ ತಣಿಸಿದ ಮೇಲ್ಮೈಗೆ ಲಂಬವಾಗಿರುತ್ತದೆ. ಗೋಡೆಯಂತೆ ನಿಂತ ಸೀಳಿನೊಳಗೆ ಲಾವಾ ತುಂಬಿ ತಣಿದಿದ್ದರೆ ಕಂಬಗಳು ಪೇರಿಸಿದ ಸೌದೆಯಂತೆ ಮಲಗಿರುತ್ತವೆ; ಬಾಗಿದ ತಳದ ಮೇಲೆ ತಣಿದಿದ್ದರೆ ಬೀಸಣಿಗೆಯಂತೆ ಹರಡಿರುತ್ತವೆ. ‘ಭೂಕಂಪದಲ್ಲಿ ಬಾಗಿದವು’ ಎಂದು ಮಾರ್ಗದರ್ಶಿಯೊಬ್ಬರು ಹೇಳುವುದನ್ನು ನಾನೇ ಕೇಳಿದ್ದೇನೆ. ಅವರನ್ನು ದೂರುವುದಿಲ್ಲ. ಸರಿಯಾದದ್ದನ್ನು ಅವರಿಗೆ ಹೇಳಿಕೊಡಬೇಕಾದ ಫಲಕ ಸುಮ್ಮನಿತ್ತು.

ಕಲ್ಲಿನ ಹೆಸರಿನ ಬಗ್ಗೆ ಚಿಕ್ಕದೊಂದು ಮಾತು. ಕಂಬ ಕಂಡಲ್ಲೆಲ್ಲ ಬಸಾಲ್ಟ್ ಎಂದು ಬರೆಯಬೇಡಿ. ಅಮೆರಿಕದ ಡೆವಿಲ್ಸ್ ಟವರ್ ಫೋನೊಲೈಟ್ ಶಿಲೆಯದು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳು ರಯೋಲೈಟ್ ಬಳಗದ ಶಿಲೆಯವು. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ಅದು. ಬಿರುಕಿಗೆ ಬೇಕಾದದ್ದು ಕುಗ್ಗುವ, ಹಿಡಿದಿಟ್ಟ ವಸ್ತು ಮಾತ್ರ.

ಇಷ್ಟಾದರೂ ಫಲಕ ಅರ್ಧವೇ ಆಯಿತು. ನಾನು ಈವರೆಗೆ ಓದಿದ ಫಲಕಗಳಲ್ಲಿ ಹೆಚ್ಚಿನವು ಬಾಯಿ ಬಿಡದ ಇನ್ನರ್ಧ ಇದೆ: ಈ ಕಂಬಗಳು ಕಣ್ಣಿಗೆ ಬಿದ್ದದ್ದು ಹೇಗೆ?

ಬಿರುಕುಗಳೆಲ್ಲ ಮುಗಿದು ಲಾವಾ ಪೂರ್ತಿ ತಣಿದ ದಿನ ಯಾರಾದರೂ ಅಲ್ಲಿ ನಿಂತಿದ್ದರೆ ಅವರಿಗೆ ಒಂದು ಕಂಬವೂ ಕಾಣುತ್ತಿರಲಿಲ್ಲ. ಮೇಲೆ ಒರಟು ತೊಗಟೆ, ತುಂಡು ತುಂಡಾದ ಕಲ್ಲು. ಕಂಬಗಳು ಅದರಡಿಯಲ್ಲಿ, ಒಂದಕ್ಕೊಂದು ಅಂಟಿದಂತೆ, ಮುಚ್ಚಿದ ಪುಸ್ತಕದ ಹಾಳೆಗಳಂತೆ ಇದ್ದವು. ಲಾವಾ ಸುರಿದ ಕಾಲ ಬೇರೆ, ತೆರೆದುಕೊಂಡ ಕಾಲ ಬೇರೆ. ಎರಡರ ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರವೂ ಇರಬಹುದು. ಫಲಕದ ಮೇಲಿನ ಒಂದೇ ಇಸವಿ ಎರಡನ್ನೂ ಒಂದಾಗಿಸಿಬಿಡುತ್ತದೆ.

ಅಮೆರಿಕದ ವಾಯವ್ಯದ ಕೊಲಂಬಿಯಾ ಪ್ರಸ್ಥಭೂಮಿಯನ್ನು ನೋಡಿ. ಅಲ್ಲಿನ ಬಸಾಲ್ಟ್‌ನ ಬಹುಪಾಲು ಹರಿದದ್ದು ಸುಮಾರು 1.6 ಕೋಟಿ ವರ್ಷಗಳ ಹಿಂದೆ. ಇಂದು ಕಾಣುವ ಕಂಬಗಳ ಕಡಿದಾದ ಗೋಡೆಗಳನ್ನು ಕೊರೆದದ್ದು ಕಳೆದ ಹಿಮಯುಗದ ಕೊನೆಯ ಭಾಗದಲ್ಲಿ, ಹದಿನೈದು ಸಾವಿರ ವರ್ಷಗಳ ಆಸುಪಾಸಿನಲ್ಲಿ, ಹಿಮದ ಕಟ್ಟೆ ಮತ್ತೆ ಮತ್ತೆ ಒಡೆದು ನುಗ್ಗಿದ ಮಹಾಪ್ರವಾಹಗಳು. 1923ರಲ್ಲಿ ಭೂವಿಜ್ಞಾನಿ ಜೆ. ಹಾರ್ಲೆನ್ ಬ್ರೆಟ್ಜ್ ಇದನ್ನು ಹೇಳಿದಾಗ ದೊಡ್ಡ ದೊಡ್ಡ ಭೂವಿಜ್ಞಾನಿಗಳು ಒಪ್ಪಲಿಲ್ಲ. ದಶಕಗಳ ನಂತರ ಒಪ್ಪಿದರು. 1979ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರಿಗೆ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್ರೋಸ್ ಪದಕ ಬಂತು.

ಕ್ಯಾಲಿಫೋರ್ನಿಯಾದ ಡೆವಿಲ್ಸ್ ಪೋಸ್ಟ್‌ಪೈಲ್‌ನಲ್ಲಿ ಈ ಕೆಲಸ ಮಾಡಿದ್ದು ಹಿಮನದಿ. ಆ ಲಾವಾಗೆ ಒಂದು ಲಕ್ಷ ವರ್ಷವೂ ಆಗಿಲ್ಲ. ಕಣಿವೆಯಲ್ಲಿ ಸುಮಾರು 120 ಮೀಟರ್ ಆಳಕ್ಕೆ ನಿಂತಿದ್ದ ಅದರ ಬಹುಭಾಗವನ್ನು ಹಿಮನದಿ ಕಿತ್ತುಕೊಂಡು ಹೋಗಿ, ಗಟ್ಟಿಯಾಗಿ ನಿಂತ ಕಂಬಗಳನ್ನು ಉಳಿಸಿತು. ಮೇಲೆ ಹತ್ತಿ ನೋಡಿದರೆ ಕಂಬಗಳ ತಲೆಗಳೆಲ್ಲ ಒಂದೇ ಮಟ್ಟಕ್ಕೆ ಉಜ್ಜಿ ನುಣುಪಾಗಿ, ಹಂಚು ಹಾಸಿದ ನೆಲದಂತೆ ಕಾಣುತ್ತವೆ. ಆ ನುಣುಪಿನ ಮೇಲೆ ಉದ್ದುದ್ದ ಗೀರುಗಳು, ಹಿಮದ ತಳಕ್ಕೆ ಸಿಕ್ಕಿಕೊಂಡಿದ್ದ ಕಲ್ಲುಗಳು ಉಜ್ಜಿದ ಗೀರುಗಳು. ಎರಡು ಕಥೆಗಳು ಅಲ್ಲಿ ಒಂದರ ಮೇಲೊಂದು ಬರೆದುಕೊಂಡಿವೆ: ಬದಿಯಲ್ಲಿ ಬಿರುಕಿನದು, ನೆತ್ತಿಯ ಮೇಲೆ ಹಿಮದ್ದು.

ಐಸ್‌ಲ್ಯಾಂಡಿನ ಸ್ತುಡ್ಲಾಗಿಲ್ ಕಣಿವೆಯ ಕಂಬಗಳು ತೀರ ಇತ್ತೀಚಿನವರೆಗೂ ಹಿಮನದಿಯಿಂದ ಬರುವ ಬಿರುಸಿನ ಹೊಳೆಯಡಿ ಬಹುಪಾಲು ಮುಳುಗಿದ್ದವು. ಮೇಲ್ಭಾಗದಲ್ಲಿ ಜಲವಿದ್ಯುತ್ ಯೋಜನೆಯ ಅಣೆಕಟ್ಟು ಬಂದು ನೀರು ಹಲವು ಮೀಟರ್ ಇಳಿದಾಗ, ಈ ಶತಮಾನದ ಮೊದಲ ದಶಕದಲ್ಲಿ, ಹೊರಗೆ ಕಂಡವು. ಚೆಕ್ ದೇಶದ ಪಾನ್ಸ್ಕಾ ಸ್ಕಾಲಾವನ್ನು ಬಯಲಿಗೆ ತಂದದ್ದು ಕಲ್ಲುಗಣಿ. ಮುಂಬೈಯ ಗಿಲ್ಬರ್ಟ್ ಹಿಲ್ ಅಷ್ಟು ಒಂಟಿಯಾಗಿ ನಿಂತಿರುವುದಕ್ಕೂ ಸುತ್ತಲಿನ ಕಲ್ಲನ್ನು ಕಡಿದು ಒಯ್ದದ್ದು ಕಾರಣ. ಮಂಗಳನ ಮೇಲೂ ಇಂಥ ಕಂಬಗಳನ್ನು ಕಕ್ಷೆಯಿಂದ ಕ್ಯಾಮೆರಾ ಕಂಡಿದೆ, ಉಲ್ಕೆಯೊಂದು ಬಡಿದು ತೆರೆದ ಕುಳಿಯ ಗೋಡೆಯಲ್ಲಿ. ಸಮುದ್ರ, ಹಿಮ, ಪ್ರವಾಹ, ಸುತ್ತಿಗೆ, ಉಲ್ಕೆ. ನಿಮ್ಮ ತಾಣದಲ್ಲಿ ತೆರೆದದ್ದು ಯಾವುದು? ಫಲಕದಲ್ಲಿ ಅದು ಇರಲೇಬೇಕು.

ತೆರೆಯುವ ಕೆಲಸ ಮುಗಿದಿಲ್ಲ ಎಂಬುದನ್ನೂ ಬರೆಯಿರಿ. ಕಂಬವನ್ನು ಕಂಬವಾಗಿಸಿದ ಬಿರುಕೇ ಅದನ್ನು ಬೀಳಿಸುವ ದಾರಿಯೂ ಹೌದು. ನೀರು ಅದರೊಳಗೆ ಇಳಿಯುತ್ತದೆ, ಚಳಿ ಪ್ರದೇಶದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಅಲೆಯೋ ಹೊಳೆಯೋ ಬುಡ ಕೊರೆಯುತ್ತದೆ, ಅಂಚಿನ ಕಂಬ ಕಳಚಿ ಬೀಳುತ್ತದೆ. ಅದರ ಹಿಂದಿನದು ಹೊಸ ಅಂಚಾಗುತ್ತದೆ. ಕಂಬ ಕಂಬವಾಗಿ ಹಿಂದೆ ಸರಿಯುವುದರಿಂದಲೇ ಈ ಬಂಡೆಗಳ ಮುಖ ಅಷ್ಟು ನೆಟ್ಟಗಿರುತ್ತದೆ. ಬುಡದಲ್ಲಿ ರಾಶಿ ಬಿದ್ದ ತುಂಡುಗಳನ್ನು ಕಸವೆಂದು ಬಗೆದು ಸಾಗಿಸಬೇಡಿ.

ಪ್ರಕೃತಿಯ ವೇಗಕ್ಕೆ ನಾವು ಕೈ ಜೋಡಿಸುವುದು ಮಾತ್ರ ಬೇರೆ ಮಾತು. ಜೈಂಟ್ಸ್ ಕಾಸ್‌ವೇಯಲ್ಲಿ ಬರುವವರು ಕಂಬಗಳ ನಡುವಿನ ಸಂದಿಗೆ ನಾಣ್ಯ ತುರುಕುತ್ತಾರೆ. ನಾಣ್ಯ ತುಕ್ಕು ಹಿಡಿದು ಉಬ್ಬಿ ಕಲ್ಲಿನ ಅಂಚನ್ನು ಒಡೆಯುತ್ತದೆ, ಕಲೆಯನ್ನೂ ಬಿಡುತ್ತದೆ. ಹಾಗೆ ಮಾಡಬೇಡಿ ಎಂದು ಅದನ್ನು ನೋಡಿಕೊಳ್ಳುವ ಸಂಸ್ಥೆ 2025ರಲ್ಲಿ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಇಲ್ಲಿ ‘ನಾಣ್ಯ ಹಾಕಬಾರದು’ ಎಂಬ ಬರೀ ಆಜ್ಞೆಗಿಂತ ಕಾರಣ ಹೇಳುವುದು ಮೇಲು. ಸಂದಿ ಎಂದರೆ ಏನೆಂದು ತಿಳಿದವರು ಅದರೊಳಗೆ ಬೆಣೆ ಹೊಡೆಯುವುದಿಲ್ಲ ಎಂದು ನಾನು ನಂಬಿದ್ದೇನೆ. ಡೆವಿಲ್ಸ್ ಪೋಸ್ಟ್‌ಪೈಲ್ ಅನ್ನು ಸಿಡಿಸಿ ಆ ಕಲ್ಲಿನಿಂದ ಅಣೆಕಟ್ಟು ಕಟ್ಟುವ ಪ್ರಸ್ತಾಪ 1910ರಲ್ಲಿ ಬಂದಿತ್ತು. ಅದನ್ನು ತಡೆಯಲು ಓಡಾಡಿದವರಲ್ಲಿ ವಾಲ್ಟರ್ ಹ್ಯೂಬರ್ ಎಂಬ ಸರ್ಕಾರಿ ಎಂಜಿನಿಯರ್ ಇದ್ದರು. ಮರುವರ್ಷವೇ ಅಮೆರಿಕದ ಅಧ್ಯಕ್ಷ ಟಾಫ್ಟ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ನಿಮ್ಮ ಹುದ್ದೆಯಲ್ಲಿರುವವರಿಂದ ಆಗುವ ಕೆಲಸ ಎಷ್ಟು ದೊಡ್ಡದೆಂದು ಇದರಿಂದ ನಿಮಗೇ ತಿಳಿಯುತ್ತದೆ.

ಐತಿಹ್ಯಗಳನ್ನು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಜೈಂಟ್ಸ್ ಕಾಸ್‌ವೇ ಎಂದರೆ ಫಿನ್ ಮೆಕೂಲ್ ಎಂಬ ದೈತ್ಯ ಕಡಲ ಮೇಲೆ ಹಾಸಿದ ದಾರಿ ಎಂಬ ಕಥೆ ಅಲ್ಲಿನ ಫಲಕದಲ್ಲಿ ಇರಲಿ. ಅದರ ಪಕ್ಕದಲ್ಲಿ ಜನ ಈ ಕಂಬಗಳನ್ನು ಅರಿಯಲು ಪಟ್ಟ ಪಾಡೂ ಇರಲಿ. ಬಸಾಲ್ಟ್ ನೀರಿನಲ್ಲಿ ಹುಟ್ಟಿದ್ದೋ ಬೆಂಕಿಯಲ್ಲೋ ಎಂದು ಹದಿನೆಂಟನೆಯ ಶತಮಾನದ ವಿದ್ವಾಂಸರು ಕಾದಾಡಿದ್ದರು. ಹಳೆಯ ಕಡಲಿನ ತಳದಲ್ಲಿ ಹರಳುಗಟ್ಟಿದ್ದು ಎಂದು ಜರ್ಮನಿಯ ವರ್ನರ್ ಸಾಧಿಸುತ್ತಿದ್ದರು. ಫ್ರಾನ್ಸಿನ ನಿಕೊಲಾ ದೆಮಾರೆ 1763ರಲ್ಲಿ ಓವೆರ್ನ್ ಪ್ರಾಂತದಲ್ಲಿ ಕಂಬಗಳ ಜಾಡನ್ನು ಹಿಡಿದು ಹಳೆಯ ಜ್ವಾಲಾಮುಖಿಗಳ ಲಾವಾ ಹರಿವಿನವರೆಗೆ ನಡೆದುಹೋದರು. ವಾದ ಗೆದ್ದದ್ದು ಕಾಲ್ನಡಿಗೆಯಿಂದ.

ಕೊನೆಯದಾಗಿ ಒಂದು ಬೇಡಿಕೆ, ಇದಕ್ಕೆ ಹಣವೂ ಬೇಡ, ಅನುಮೋದನೆಯೂ ಹೆಚ್ಚು ಬೇಕಾಗಲಾರದು. ಬುಡದಲ್ಲಿ ತಾನಾಗಿ ಬಿದ್ದಿರುವ ಕಂಬದ ತುಂಡುಗಳಲ್ಲಿ ಉಳಿಗುರುತು ಸ್ಪಷ್ಟವಾಗಿರುವ ಒಂದನ್ನು ಆರಿಸಿ. ಅದನ್ನು ದಾರಿಯ ಪಕ್ಕ, ಫಲಕದ ಕೆಳಗೆ, ಪಟ್ಟಿಗಳಿರುವ ಮುಖ ಮೇಲೆ ಬರುವಂತೆ ಮಲಗಿಸಿ. ಎತ್ತರ ಎಂಟು ವರ್ಷದ ಮಗುವಿನ ಸೊಂಟದಷ್ಟಿದ್ದರೆ ಸಾಕು. ‘ಮುಟ್ಟಬಾರದು’ ಎಂದು ಎಲ್ಲೆಡೆ ಬರೆಯುವ ನೀವು ಇದೊಂದರ ಮೇಲೆ ಮಾತ್ರ ‘ಬೆರಳಿಟ್ಟು ಎಣಿಸಿ’ ಎಂದು ಬರೆಯಿರಿ.

ಇಂತಿ,
ಕಲ್ಲು ನೋಡಲು ಮತ್ತೆ ಬರಲಿರುವ ಒಬ್ಬ ಸಂದರ್ಶಕ